ಮಲ ಪರೀಕ್ಷೆ ನಾರ್ಮಲ್, ಭೇದಿ ಮಾತ್ರ ನಿಲ್ಲುತ್ತಿಲ್ಲ: ಎಆರ್‌ಟಿ ಮಾತ್ರೆ ಬದಲಿಸಬೇಕಾ?

ಏಡ್ಸ್, ಸಿಡಿ4 (ಸೋಂಕಿನ ಜೊತೆ ಹೋರಾಡುವ ರಕ್ತಕಣಗಳ ಎಣಿಕೆ) 50ಕ್ಕಿಂತ ಕಡಿಮೆ, ವಾರಗಟ್ಟಲೆ ಭೇದಿ, ಮಲದ ರಿಪೋರ್ಟ್ ಮಾತ್ರ ನಾರ್ಮಲ್. ನೀವು ಬರೆದಿರುವುದು ನನ್ನದೇ ಕಥೆ.

ನಾನೂ ಮಾತ್ರೆಯನ್ನೇ ದೂರಿದೆ. ಹೊಸದಾಗಿ ಶುರುವಾದ ಎಆರ್‌ಟಿ, ಅಂದರೆ ಎಚ್‌ಐವಿ ಹತೋಟಿಗೆ ಕೊಡುವ ಮಾತ್ರೆ, ಮೈಗೆ ಒಗ್ಗುತ್ತಿಲ್ಲ ಅಂದುಕೊಂಡು ಭೇದಿ ಕಟ್ಟುವ ಮಾತ್ರೆ ನುಂಗುತ್ತಾ ಕೂತೆ. ಕೆಳಹೊಟ್ಟೆ ಹಿಂಡುತ್ತಿತ್ತು. ಸಂಜೆಯಾದರೆ ಜ್ವರ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಡಾಕ್ಟರು ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ಮಾಡೋಣ ಅಂದರೆ, ಮಲದ ರಿಪೋರ್ಟ್ ಮುಂದಿಟ್ಟು 'ಸೋಂಕೇ ಇಲ್ವಲ್ಲ ಸರ್' ಅಂತ ವಾದ ಮಾಡಿ ಎದ್ದು ಬಂದೆ.

ನನಗೆ ಮುಳುವಾಗಿದ್ದು ಅದೇ. ಆ ಪರೀಕ್ಷೆ ಹುಡುಕಿದ್ದು ಬ್ಯಾಕ್ಟೀರಿಯಾ, ಪರಾವಲಂಬಿಗಳನ್ನು. ನನಗಿದ್ದದ್ದು ಸೈಟೊಮೆಗಾಲೊವೈರಸ್, ಅಂದರೆ ಸಿಎಂವಿ. ಬಹಳ ಜನರ ಮೈಯಲ್ಲಿ ಅದು ಸುಮ್ನೆ ಇರುತ್ತದೆ. ಸಿಡಿ4 ಪಾತಾಳಕ್ಕಿಳಿದಾಗ ಎದ್ದು, ಕರುಳಿನ ಗೋಡೆಯೊಳಗೇ ಹುಣ್ಣು ಮಾಡುತ್ತದೆ. ಮಾಮೂಲಿ ಮಲ ಪರೀಕ್ಷೆಗೆ ಅದು ಸಿಗುವುದಿಲ್ಲ. ರಕ್ತದ ಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ಗೋಡೆಯಿಂದಲೇ ಚೂರು ತೆಗೆದು ನೋಡಬೇಕು.

ಮಲದಲ್ಲಿ ರಕ್ತ ಕಂಡ ಮೇಲೆ ಒಪ್ಪಿಕೊಂಡೆ. ಕೊಲೊನೋಸ್ಕೋಪಿಯಲ್ಲಿ ಒಳಗೋಡೆ ಕೆಂಪಗೆ ಊದಿತ್ತು, ಅಲ್ಲಲ್ಲಿ ಆಳವಾದ ಹುಣ್ಣು. ಬಯಾಪ್ಸಿಯಲ್ಲಿ, ಅಂದರೆ ತೆಗೆದ ಚೂರಿನ ಪರೀಕ್ಷೆಯಲ್ಲಿ, ಗೂಬೆಕಣ್ಣಿನಂತೆ ಕಾಣುವ ದೊಡ್ಡ ಜೀವಕೋಶಗಳು. ಅದು ಸಿಎಂವಿಯದೇ ಗುರುತು. ಈ ವೈರಸ್‌ಗೆ ಕೊಡುವ ಗ್ಯಾನ್‌ಸೈಕ್ಲೋವಿರ್ ಡ್ರಿಪ್ ಹಾಕಿದರು, ಸ್ವಲ್ಪ ಸುಧಾರಿಸಿದ ಮೇಲೆ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಮಾತ್ರೆ. ಸಾಮಾನ್ಯವಾಗಿ 3ರಿಂದ 6 ವಾರದ ಚಿಕಿತ್ಸೆ. ಈ ಔಷಧಿಯಿಂದ ಬಿಳಿ ರಕ್ತಕಣ ಇಳಿಯುವುದರಿಂದ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ತಪ್ಪಿಸಬೇಡಿ.

ಹಾಗಾಗಿ ಮಾತ್ರೆ ಬದಲಿಸಬೇಕಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಕೆಲವು ಎಆರ್‌ಟಿ ಮಾತ್ರೆಗಳಿಂದ ಭೇದಿ ಆಗುವುದು ನಿಜ. ಆದರೆ ಇಷ್ಟು ಕಡಿಮೆ ಸಿಡಿ4 ಇಟ್ಟುಕೊಂಡು, ಕರುಳನ್ನು ನೋಡದೆ ಮಾತ್ರೆ ಮೇಲೆ ತಪ್ಪು ಹೊರಿಸಬೇಡಿ. ನೀವಾಗೇ ಎಆರ್‌ಟಿ ನಿಲ್ಲಿಸಲಂತೂ ಬೇಡಿ. ಸಿಡಿ4 ಏರಿದರೇನೇ ಈ ವೈರಸ್ ಮತ್ತೆ ತೆಪ್ಪಗಾಗುವುದು. ಜ್ವರ, ರಕ್ತ ಇದ್ದಾಗ ಭೇದಿ ಕಟ್ಟುವ ಮಾತ್ರೆ ಸ್ವಂತಕ್ಕೆ ನುಂಗಬೇಡಿ. ಹೊಟ್ಟೆ ಇದ್ದಕ್ಕಿದ್ದಂತೆ ಕಲ್ಲಾಗಿ ವಿಪರೀತ ನೋವು ಬಂದರೆ ಕರುಳು ತೂತಾಗಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಕಣ್ಣು. ಇದೇ ವೈರಸ್ ಕಣ್ಣಿನ ಒಳಪರದೆಯಾದ ರೆಟಿನಾವನ್ನೂ ತಿನ್ನುತ್ತದೆ. ಕಪ್ಪು ಚುಕ್ಕೆ ತೇಲಿದಂತೆ ಕಂಡರೆ ಅವತ್ತೇ ತೋರಿಸಿ. ಕರುಳಲ್ಲಿ ಸಿಎಂವಿ ಅಂತ ಗೊತ್ತಾದರೆ, ಏನೂ ಕಾಣದಿದ್ದರೂ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಿ.