ಪ್ರತಿ: ಮನಸ್ಸು ಓದುವವರಿಂದ ಪೈಕ್ ಪಾರಾಗಿದ್ದು ಹೇಗೆ?

ನಮಸ್ಕಾರ ಸರ್. ಅಮೆರಿಕದ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಮೊದಲ ಪೈಲಟ್ (ಪ್ರಾಯೋಗಿಕ ಕಂತು) ‘ದಿ ಕೇಜ್’ನಲ್ಲಿ, ತನ್ನನ್ನು ಸೆರೆಹಿಡಿದು ಮನಸ್ಸು ಓದುವ, ಮಾಯೆ ತೋರಿಸುವ ಅನ್ಯಗ್ರಹದ ಟಾಲೋಸಿಯನ್ನರಿಂದ ಅಂತರಿಕ್ಷ ನೌಕೆಯ ಕ್ಯಾಪ್ಟನ್ ಪೈಕ್ ತನ್ನ ಯೋಚನೆ ಮುಚ್ಚಿಟ್ಟದ್ದು ಹೇಗೆ ಅಂತ ಕೇಳಿದ್ದೀರಿ. ಸಿಟ್ಟಿನಿಂದ. ಕಡು ದ್ವೇಷ ತುಂಬಿದ ಮನಸ್ಸನ್ನು ಅವರು ಓದಲಾರರು.

ಡೊಂಬಿವಲಿಯ ರೂಮಿನಲ್ಲಿ ಧಾರವಾಡದ ಗೆಳೆಯನ ಜೊತೆ ನೋಡುವಾಗ ಒಂದು ದೃಶ್ಯಕ್ಕೆ ಇಬ್ಬರೂ ಎದ್ದು ಕೂತೆವು. ಲೇಸರ್ ಪಿಸ್ತೂಲು ಹಾರಿಸಿದರೂ ಪೈಕ್‌ನನ್ನು ಕೂಡಿಹಾಕಿದ ಕೋಣೆಯ ಗಾಜಿಗೆ ಏನೂ ಆಗಿಲ್ಲ. ಪೈಕ್ ನಂಬುವುದಿಲ್ಲ. ತೂತು ಬಿದ್ದಿದೆ, ನಮಗೆ ಕಾಣದ ಹಾಗೆ ಮಾಡಿದ್ದೀರಿ ಅಂತ ಪಿಸ್ತೂಲನ್ನು ಟಾಲೋಸಿಯನ್ನನ ತಲೆಗೇ ಹಿಡಿಯುತ್ತಾನೆ. ಮಾಯೆ ಸರಿಯುತ್ತದೆ, ಗಾಜಿನಲ್ಲಿ ದೊಡ್ಡ ತೂತು!

ನನಗೆ ಇನ್ನೂ ದೊಡ್ಡವಳೆನಿಸಿದ್ದು ನಂಬರ್ ಒನ್, ನೌಕೆಯಲ್ಲಿ ಪೈಕ್‌ನ ನಂತರದ ಅಧಿಕಾರಿ. ಗುಲಾಮರಾಗುವ ಬದಲು ಸಾಯೋಣ ಅಂತ ಪಿಸ್ತೂಲನ್ನೇ ಸ್ಫೋಟಕ್ಕೆ ಸಿದ್ಧ ಮಾಡುತ್ತಾಳೆ.

ಆ ಗ್ರಹದಲ್ಲಿ ಪೈಕ್‌ಗೆ ಸಿಗುವ ಹೆಣ್ಣು ವೀನಾಳ ಗುಟ್ಟು ಮಾತ್ರ ಹೇಳಲಾರೆ. ಪೂರ್ತಿ ಪೈಲಟ್ ಸಿಗದಿದ್ದರೆ ಇದೇ ಧಾರಾವಾಹಿಯ 1966ರ ಕಂತು ‘ದಿ ಮೆನಾಜರೀ’ ನೋಡಿ, ಇದೇ ದೃಶ್ಯಗಳಿವೆ.