ಕೈಕುಲುಕಿದಾಗ ಮಾತ್ರ ಬೆಳಗುವ ಕೈಗವಸನ್ನು ಮಾಡುವುದು ಹೇಗೆ?

ಎರಡು ಕೈಗವಸುಗಳಲ್ಲೂ ಅರ್ಧಕ್ಕೆ ನಿಂತ ವಿದ್ಯುತ್ ಮಂಡಲವನ್ನು ಇಡಿ; ಅದನ್ನು ಪೂರ್ತಿ ಮಾಡುವ ತುಂಡು ಎದುರಿನವರ ಕೈಯಲ್ಲಿರಲಿ. ಮೊದಲ ಮಾದರಿಗೆ ಪ್ರೋಗ್ರಾಂ, ಚಿಪ್ ಯಾವುದೂ ಬೇಡ.

ವಿದ್ಯುತ್ ಹರಿಯುವ ಬೆಳ್ಳಿಲೇಪಿತ ಬಟ್ಟೆ ಸಿಗದಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಕು. ಬಲಗೈ ಗವಸಿನ ತೋರುಬೆರಳು ಮತ್ತು ಉಂಗುರಬೆರಳಿನ ಒಳತುದಿಗಳಿಗೆ ಒಂದೊಂದು ಚಿಕ್ಕ ಪಟ್ಟಿ ಅಂಟಿಸಿ. ತೋರುಬೆರಳಿನ ಪಟ್ಟಿಯಿಂದ 3 ವೋಲ್ಟ್ ನಾಣ್ಯ ಬ್ಯಾಟರಿಯ ಧನ ತುದಿಗೆ, ಇನ್ನೊಂದರಿಂದ ಕೆಂಪು ಎಲ್‌ಇಡಿಯ ಉದ್ದ ಕಾಲಿಗೆ ತಂತಿ ಎಳೆಯಿರಿ. ಗಿಡ್ಡ ಕಾಲು ಬ್ಯಾಟರಿಯ ಋಣ ತುದಿಗೆ. ಗವಸಿನ ಹಿಂಬದಿಗೆ, ಕಿರುಬೆರಳಿನ ಕಡೆಯ ಅಂಚನ್ನೂ ಸುತ್ತುವಂತೆ, ಯಾವ ತಂತಿಯೂ ಇಲ್ಲದ ಒಂದು ಅಗಲ ತೇಪೆ ಹಾಕಿ. ಎರಡನೆಯ ಬಲಗೈ ಗವಸೂ ಇದೇ ರೀತಿ.

ಕೈಕುಲುಕುವಾಗ ನಿಮ್ಮ ಬೆರಳುಗಳು ಎದುರಿನವರ ಕೈಯ ಅಂಚನ್ನು ಸುತ್ತಿ ಹಿಂಬದಿಗೆ ತಾಗುತ್ತವೆ. ಅವರ ತೇಪೆ ನಿಮ್ಮ ಎರಡು ಪಟ್ಟಿಗಳಿಗೆ ಸೇತುವೆಯಾಗುತ್ತದೆ, ನಿಮ್ಮದು ಅವರಿಗೆ. ತನ್ನ ಬೆರಳಿನಿಂದ ಅದೇ ಕೈಯ ಹಿಂಬದಿಯನ್ನು ಯಾರೂ ಮುಟ್ಟಲಾರರಾದ್ದರಿಂದ ಇನ್ನೊಬ್ಬರು ಬೇಕೇ ಬೇಕು. ಸ್ಟೀಲ್ ಲೋಟ ಹಿಡಿದರೂ ದೀಪ ಹೊತ್ತುತ್ತದೆ, ಅದು ಬೇರೆ ಮಾತು! ಬೆವರಿಗೆ ಹೆದರಬೇಕಿಲ್ಲ, ಅದರ ಮೂಲಕ ಹರಿಯುವಷ್ಟು ಕರೆಂಟಿಗೆ ಎಲ್‌ಇಡಿ ಹೆಚ್ಚೆಂದರೆ ಮಂಕಾಗಿ ಬೆಳಗೀತು.