ಜೂನ್ ಆರಂಭದ ಹಂಪ್ತಾ ಪಾಸ್: ತೊರೆ ದಾಟುವ ಹೊತ್ತು

ಪುಣೆಯಿಂದ ಜೂನ್ ಮೊದಲ ವಾರ ಹಿಮಾಚಲದ ಎತ್ತರದ ಪರ್ವತದಾರಿಯಾದ ಹಂಪ್ತಾ ಪಾಸ್‌ಗೆ ಹೊರಟಿರುವ ತಾವು, ಮಳೆಗಾಲದಲ್ಲಿ ಪುಣೆ ಬಳಿಯ ರಾಜಗಡ, ತೋರಣಾ ಕೋಟೆಗಳ ಹಳ್ಳ ದಾಟಿದ ಅಭ್ಯಾಸ ಅಲ್ಲಿಗೆ ಸಾಕೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಸಾಲದು. ಸಹ್ಯಾದ್ರಿಯ ಹಳ್ಳ ಮಳೆ ನಿಂತ ಕೆಲವೇ ತಾಸಿನಲ್ಲಿ ಇಳಿಯುತ್ತದೆ. ಹಂಪ್ತಾದ ತೊರೆಗಳಾದರೋ ಹಗಲಿನ ಬಿಸಿಲಿಗೆ ಕರಗಿದ ಹಿಮದಿಂದ ತುಂಬುವುದರಿಂದ, ಆಕಾಶ ಶುಭ್ರವಾಗಿದ್ದ ದಿನವೇ ಹೆಚ್ಚು ಉಕ್ಕಿ, ಸಂಜೆ ತೊಡೆಮಟ್ಟ ಬಂದ ನೀರು ಮರುದಿನ ನಸುಕಿನಲ್ಲಿ ಮೊಣಕಾಲಿನ ಕೆಳಗಿರಬಹುದು. ಆದ್ದರಿಂದ ಶಿಯಾಗೋರು ಬಿಡಾರದ ಬಳಿಯ ತೊರೆಯನ್ನು ಬೆಳಿಗ್ಗೆ ಬೇಗನೆ ದಾಟುವುದೇ ಸರಿ.

ಇಕ್ಕಟ್ಟಾದ ಜಾಗವನ್ನು ಬಿಟ್ಟು, ನೀರು ಕವಲೊಡೆದು ಹರಡಿರುವಲ್ಲಿ, ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿ, ಪ್ರವಾಹಕ್ಕೆ ಮುಖಮಾಡಿ, ಕೋಲನ್ನು ಎದುರಿಗೆ ಊರಿ ಅಡ್ಡಹೆಜ್ಜೆಯಲ್ಲಿ ಸಾಗಿರಿ. ಬರಿಗಾಲಲ್ಲಿ ದಾಟುವವರೂ ಕಾಣಸಿಗುತ್ತಾರೆ. ದಯವಿಟ್ಟು ಅನುಕರಿಸಬೇಡಿ, ಬೆರಳು ಮರಗಟ್ಟಿದ ಮೇಲೆ ಕಾಲಡಿಯ ಕಲ್ಲು ಉರುಳಿದ್ದೂ ತಿಳಿಯುವುದಿಲ್ಲ.

ತೊರೆಯ ಮೇಲೆ ಉಳಿದ ಹಿಮದ ಸೇತುವೆಗಳನ್ನು ನಾನು ಇನ್ನೂ ಹೆಚ್ಚು ಅನುಮಾನದಿಂದ ನೋಡುತ್ತೇನೆ. ಅಡಿಯಲ್ಲಿ ನೀರು ಕೊರೆದು ಅವು ಟೊಳ್ಳಾಗಿರುತ್ತವೆ; ನಡು ಕುಸಿದಿದ್ದರೆ, ಅಂಚಿನಲ್ಲಿ ಬಿರುಕಿದ್ದರೆ ಕಾಲಿಡಬೇಡಿ. ಸುಮಾರು 4,270 ಮೀಟರ್ ಎತ್ತರದ ಪಾಸ್‌ನಲ್ಲಿ ಮುಂಜಾನೆಯ ಗಟ್ಟಿ ಹಿಮಕ್ಕೆ ಮೈಕ್ರೋಸ್ಪೈಕ್ (ಜಾರದಂತೆ ಬೂಟಿಗೆ ತೊಡಿಸುವ ಮೊಳೆಸರಪಳಿ), ಕಣ್ಣಿಗೆ ಕಪ್ಪು ಕನ್ನಡಕ ಇರಲಿ. ಅಭ್ಯಾಸಕ್ಕೆಂದು ಭಾರದ ಚೀಲ ಹೊತ್ತು ಪುಣೆ ಬಳಿಯ ಸಿಂಹಗಡ ಕೋಟೆ ಹತ್ತುವುದನ್ನು ಮಾತ್ರ ನಿಲ್ಲಿಸಬೇಡಿ.